ಕಡ್ಲೆ ಹುಡಿಯೋ, ಕಡ್ಲೆ ಹಿಟ್ಟೋ?

ಗೆಳೆಯರೇ,

ಕಳೆದ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಉಡುಪಿಯ ನಮ್ಮ ಮನೆಯಲ್ಲಿ ಒಂದು ಬಾಣಲೆ ಎಣ್ಣೆ ಹಾಳಾಯಿತು. ಒಂದು ಪದದ ದೆಸೆಯಿಂದ. ಅದನ್ನೇ ಇಲ್ಲಿ ಕೇಳಬೇಕಾಗಿದೆ.

ಹಿತ್ತಲಿನ ಮರದಿಂದ ಎಳೆ ಜೀಗುಜ್ಜೆ (ಬ್ರೆಡ್‌ಫ್ರೂಟ್) ಇಳಿಸಿದ್ದೆವು. ಜಡಿಮಳೆ. ಪೋಡಿ, ಅಂದರೆ ಬಜ್ಜಿ, ಮಾಡುವ ಅಂತ ತಮ್ಮನ ಹೆಂಡತಿಗೆ ಹೇಳಿದೆ: "ಮೇಲಿನ ಡಬ್ಬಿಯಲ್ಲಿ ಕಡ್ಲೆ ಹುಡಿ ಉಂಟು, ಕಲಸಿಡು." ಅವಳ ತವರು ತುಮಕೂರು. ಉಪ್ಪು, ಮೆಣಸಿನ ಹುಡಿ, ಇಂಗು ಎಲ್ಲ ಹಾಕಿ ಚೆನ್ನಾಗಿಯೇ ಕಲಸಿದ್ದಳು. ಬಿಲ್ಲೆಗಳನ್ನು ಅದ್ದಿ ಎಣ್ಣೆಗೆ ಬಿಟ್ಟರೆ ಹಿಟ್ಟು ನಿಲ್ಲಲೇ ಇಲ್ಲ. ಜೀಗುಜ್ಜೆ ಒಂದು ಕಡೆ, ಹಿಟ್ಟು ಒಂದು ಕಡೆ. ಎಣ್ಣೆ ನೊರೆ ಬಂತು, ತಳದಲ್ಲಿ ಕಪ್ಪು ಮಡ್ಡಿ ಕೂತಿತು.

ಡಬ್ಬಿ ನೋಡಿದರೆ ಅದು ಹುರಿಗಡಲೆಯದ್ದು. ಚಕ್ಕುಲಿಗೆ ಅಂತ ನಾನೇ ಬೀಸಿಟ್ಟದ್ದು! "ಅತ್ತಿಗೆ, ಹಿಟ್ಟು ಅಂದಿದ್ರೆ ಪಕ್ಕದ ಡಬ್ಬಿ ತೆಗೀತಿದ್ದೆ. ನೀವು ಹುಡಿ ಅಂದ್ರಿ. ಪುಡಿ ಅಂದ್ರೆ ನಮ್ಮಲ್ಲಿ ಇದೇ" ಅಂದಳು. ಅವಳು ಹೇಳಿದ್ದು ಸರಿ ಅಲ್ವಾ? ಅವರಲ್ಲಿ ಕಾಳು, ಬೇಳೆಯ ಪುಡಿ ಅಂದರೆ ಚಟ್ನಿಪುಡಿಯ ಹಾಗೆ ಹುರಿದು ಮಾಡಿದ್ದು, ಹಾಗೇ ಬಾಯಿಗೆ ಹಾಕಿಕೊಳ್ಳಬಹುದಾದ್ದು. ಹಸಿಯಾಗಿ ಬೀಸಿದ್ದು ಹಿಟ್ಟು.

ನಮ್ಮ ಮನೆಯ ಲೆಕ್ಕ ಬೇರೆ. ಒಣಗಿದ್ದೆಲ್ಲ ಹುಡಿ: ಅಕ್ಕಿ ಹುಡಿ, ರಾಗಿ ಹುಡಿ, ಅರಶಿನ ಹುಡಿ. ನೀರು ಬಿದ್ದ ಮೇಲೆ ಅದು ಹಿಟ್ಟು. ದೋಸೆ ಹಿಟ್ಟು, ಇಡ್ಲಿ ಹಿಟ್ಟು ಇದ್ದ ಹಾಗೆ. ಹಾಗಾಗಿ ಕಡ್ಲೆ ಹುಡಿಯನ್ನು ಕಲಸಿದಾಗ ಕಡ್ಲೆ ಹಿಟ್ಟು ಆಗುತ್ತದೆ. ನಾನು ಇದನ್ನು ಜಗತ್ತಿನ ನಿಯಮ ಅಂತಲೇ ಅಂದುಕೊಂಡಿದ್ದೆ. ಅಂಗಡಿಯ ಪೊಟ್ಟಣದ ಮೇಲೆ "ಕಡಲೆ ಹಿಟ್ಟು" ಅಂತ ಇದ್ದರೂ ನನ್ನ ಕಣ್ಣು ಅದನ್ನು ಹುಡಿ ಅಂತಲೇ ಓದುತ್ತಿತ್ತು.

ಎರಡೂ ಕಡಲೆಯದ್ದೇ ಆದರೂ ಕೆಲಸ ಒಂದೇ ಅಲ್ಲ. ಕಡ್ಲೆಬೇಳೆಯನ್ನು ಹಸಿಯಾಗಿ ಬೀಸಿದ್ದು ಕಾದ ಎಣ್ಣೆಗೆ ಬಿದ್ದಾಗಲೇ ಬೇಯುವುದು. ಬೇಯುವಾಗ ಉಬ್ಬಿ, ಗಟ್ಟಿಯಾಗಿ ಬಿಲ್ಲೆಯನ್ನು ಹಿಡಿದುಕೊಳ್ಳುತ್ತದೆ. ಹುರಿಗಡಲೆ ಮೊದಲೇ ಕಾವು ಕಂಡದ್ದು, ಅದಕ್ಕೆ ಆ ಹಿಡಿತ ಇಲ್ಲ. ಚಟ್ನಿ ದಪ್ಪ ಮಾಡಲು, ಚಕ್ಕುಲಿ ಗರಿಗರಿ ಆಗಲು ಅದು ಸೈ. ಮೈಸೂರುಪಾಕಿಗೆ ಹಸಿ ಹಿಟ್ಟೇ ಬೇಕು, ತುಪ್ಪದಲ್ಲಿ ಹಸಿ ವಾಸನೆ ಹೋಗುವ ತನಕ ಕಾಯಬೇಕು. ಚಟ್ಟಂಬಡೆಗೆ (ನಮ್ಮ ಕಡ್ಲೆಬೇಳೆ ವಡೆಗೆ) ಇವೆರಡೂ ಬೇಡ. ನೆನೆಸಿದ ಕಡ್ಲೆಬೇಳೆಯನ್ನೇ ತರಿತರಿಯಾಗಿ ರುಬ್ಬಬೇಕು. ಹುಡಿಯಲ್ಲಿ ಚಟ್ಟಂಬಡೆ ಮಾಡುವವರನ್ನು ನಾನು ಕ್ಷಮಿಸುವುದಿಲ್ಲ.

ಈಗ ಪದಕ್ಕೆ ಬರುತ್ತೇನೆ. ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು, ಪಿಟ್ಟು ಹಿಟ್ಟಾಯಿತು. ಪುಡಿ ಮಾತ್ರ ಘಟ್ಟದ ಮೇಲೆ ಪುಡಿಯಾಗಿಯೇ ಉಳಿಯಿತು, ಕೆಳಗೆ ನಮ್ಮಲ್ಲಿ ಹುಡಿಯಾಯಿತು. ನನಗೆ ಸೋಜಿಗ ಅನ್ನಿಸುವುದು ಇದು. ನಮ್ಮ ಸುತ್ತ ಇರುವುದು ತುಳು. ಅದು ಪಕಾರವನ್ನು ಬಿಟ್ಟದ್ದೇ ಇಲ್ಲ. ಹಾಲಿಗೆ ಪೇರ್, ಹೂವಿಗೆ ಪೂ, ಹುಡಿಗೆ ಪೊಡಿ. ಪಕ್ಕದ ಮನೆಯಲ್ಲೇ ಪೊಡಿ ಅನ್ನುವಾಗಲೂ ಕರಾವಳಿ ಕನ್ನಡಕ್ಕೆ ಹುಡಿಯೇ ಬೇಕಾಯಿತು.

ಇನ್ನು ಈ ಪೊಡಿಗೂ ಪೋಡಿಗೂ ಹೊರಗಿನವರು ಗೊಂದಲ ಮಾಡಿಕೊಳ್ಳುತ್ತಾರೆ. ಉಡುಪಿ, ಮಂಗಳೂರಿನ ಹೋಟೆಲಿನಲ್ಲಿ ಬಾಳೆಕಾಯಿ ಪೋಡಿ ಅಂದರೆ ಬಜ್ಜಿ. ಹುಡಿಯಿಂದ ಮಾಡುವುದಕ್ಕೇ ಆ ಹೆಸರು ಅಂತ ಒಬ್ಬರು ನನಗೆ ವಾದಿಸಿದ್ದರು. ನನಗೆ ಒಪ್ಪಿಗೆ ಇಲ್ಲ. ಕೊಂಕಣಿಯಲ್ಲಿ ಫೋಡಿ ಅಂದರೆ ಕೊಯ್ದ ಹೋಳು. ಕೊಂಕಣಿ ಮನೆಗಳಲ್ಲಿ ಕಡ್ಲೆ ಹಿಟ್ಟು ಸೋಕದೆ, ಬರೀ ಮೆಣಸು, ಇಂಗು, ಅಕ್ಕಿ ಹುಡಿ ಸವರಿ ಕಾಯಿಸಿದ ಹೋಳಿಗೂ ಫೋಡಿ ಅಂತಲೇ ಹೆಸರು. ಹೆಸರು ಹೋಳಿನದ್ದು, ಹಿಟ್ಟಿನದ್ದಲ್ಲ ಅನ್ನುವುದಕ್ಕೆ ಇದು ಸಾಕು. ನೀರುಳ್ಳಿಯನ್ನು ಸಣ್ಣಗೆ ಹೆಚ್ಚಿ ಕಲಸಿ ಬಿಟ್ಟರೆ ನಾವು ಬಜೆ ಅನ್ನುತ್ತೇವೆ, ಅಲ್ಲಿ ಹೋಳು ಎಲ್ಲಿದೆ? ಗೋಳಿಬಜೆಯಂತೂ ಮೈದಾದ್ದು.

"ಸುಮ್ನೆ ಬೇಸನ್ ಅಂದುಬಿಡಿ, ರಗಳೆ ಇಲ್ಲ" ಅಂತ ತಮ್ಮ ಹೇಳಿದ. ಪೇಟೆಯಲ್ಲಿ ಅದು ನಡೆಯುತ್ತದೆ. ಆದರೆ ನನ್ನ ನಾಲಿಗೆಯಲ್ಲಿ ಬೇಸನ್‌ಗೆ ಲಾಡು ಬಿಟ್ಟರೆ ಬೇರೆ ಜೊತೆ ಇಲ್ಲ. ಬೇಸನ್ ಪೋಡಿ ಅಂದರೆ ಜೀಗುಜ್ಜೆ ಮರವೇ ನಕ್ಕೀತು. ಬರೀ "ಕಡಲೆ" ಅಂದರೂ ಕಷ್ಟ. ಬೆಂಗಳೂರಿನಲ್ಲಿ ಕಡಲೆಕಾಯಿ ಅಂದರೆ ನಮ್ಮ ನೆಲಗಡಲೆ, ಹುಬ್ಬಳ್ಳಿಯಲ್ಲಿ ಅದೇ ಶೇಂಗಾ. ಹುರಿಗಡಲೆಗೆ ಅಲ್ಲಿ ಪುಟಾಣಿ ಅನ್ನುತ್ತಾರೆ. ಈ ಒಂದು ಪದವನ್ನು ಅವರಿಂದ ಸಾಲ ತರಬೇಕು ಅಂತ ನನಗೆ ಜಾಸ್ತಿ ಆಸೆ.

ಸದ್ಯಕ್ಕೆ ಡಬ್ಬಿಗಳಿಗೆ ಚೀಟಿ ಅಂಟಿಸಿದ್ದೇನೆ. ಒಂದಕ್ಕೆ "ಕಡ್ಲೆಬೇಳೆ ಹುಡಿ", ಇನ್ನೊಂದಕ್ಕೆ "ಪುಟಾಣಿ ಹುಡಿ". ತಮ್ಮನ ಹೆಂಡತಿ ಮೊದಲನೆಯದರ ಮೇಲೆ ಪೆನ್ಸಿಲಿನಲ್ಲಿ "ಹಿಟ್ಟು" ಅಂತ ತಿದ್ದಿದ್ದಾಳೆ.

ಕುಂದಾಪುರ, ಪುತ್ತೂರು, ಕಾಸರಗೋಡು ಕಡೆಯವರು ಹೇಳಿ: ಒಣಗಿದ್ದು ಹುಡಿ, ಕಲಸಿದ್ದು ಹಿಟ್ಟು ಎಂಬ ಲೆಕ್ಕ ನಿಮ್ಮ ಅಡುಗೆಮನೆಯಲ್ಲೂ ಇದೆಯೇ? ಇದ್ದರೆ ಗೋಧಿಗೂ ಅದೇ ಮಾತೇ, ಅಥವಾ ಗೋಧಿ ಮಾತ್ರ ಹಿಟ್ಟಾಗಿಯೇ ಬಂದದ್ದೇ?