ಚಳಿಗಾಲದಲ್ಲಿ ಮನೆಯೊಳಗೇ ಬಟ್ಟೆ ಒಣಗಿಸಲು ಕಡಿಮೆ ಖರ್ಚಿನ ದಾರಿ ಯಾವುದು? ಅನುಭವ ಇದ್ದವರು ಹೇಳಿ

ವಿನೋಬನಗರದ ಬಾಡಿಗೆ ಮನೆ
ಊರು ದಾವಣಗೆರೆ. ನೆಲಮಹಡಿ, ಎರಡೂ ಬದಿಗೆ ಗೋಡೆಗೆ ಗೋಡೆ ಅಂಟಿದ ಮನೆಗಳು. ಹಾಲ್‌ನಲ್ಲಿ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರವರೆಗೆ ಚಾಪೆಯಗಲ ಬಿಸಿಲು ಬೀಳುತ್ತದೆ, ಆಮೇಲೆ ಅದೂ ಇಲ್ಲ. ತಾರಸಿಗೆ ಮಾಲೀಕರ ಬೀಗ. ಬೀಗ ತೆಗೆದ ದಿನವೂ ಗಾಳಿ ಈ ಕಡೆ ತಿರುಗಿದರೆ ಬಿಳಿ ಬಟ್ಟೆಯ ಮೇಲೆ ಮಂಡಕ್ಕಿ ಭಟ್ಟಿಯ ಮಸಿ. ಮೊನ್ನೆ ನಾಲ್ಕು ದಿನ ಮೋಡ ಕವಿದು ಜಿಟಿಜಿಟಿ ಹಿಡಿದಾಗ ಇಬ್ಬರು ಮಕ್ಕಳ ಯೂನಿಫಾರ್ಮ್ ಮೂರನೇ ದಿನವೂ ಸೊಂಟದ ಪಟ್ಟಿಯಲ್ಲಿ ಹಸಿಯಾಗಿಯೇ ಇತ್ತು. ಅತ್ತೆಯವರಿಗೆ ಉಬ್ಬಸ ಇದೆ, ಮುಗ್ಗಲು ವಾಸನೆ ಬಂದರೆ ರಾತ್ರಿಯಿಡೀ ಕೆಮ್ಮು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದೆ, ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲ. ಐದು ಸಾವಿರದೊಳಗೆ ಏನಾದರೂ ದಾರಿ ಇದೆಯೇ? ಗೋಡೆಗಾಗಲಿ ಚಾವಣಿಗಾಗಲಿ ಮೊಳೆ ಹೊಡೆಯುವಂತಿಲ್ಲ.

ಎಂಸಿಸಿ ಎ ಬ್ಲಾಕ್
ಚಾವಣಿಗೆ ರಾಟೆಯ ಹ್ಯಾಂಗರ್ ಹಾಕಿಸಿಬಿಡಿ ತಂಗಿ, ಎರಡನೇ ಯೋಚನೆಯೇ ಬೇಡ. ಆರು ಪೈಪಿನ ಸ್ಟೀಲ್ ಹ್ಯಾಂಗರ್‌ಗೆ ನಾನು ಕೊಟ್ಟಿದ್ದು ₹2,450, ಕೂರಿಸಿದ ಹುಡುಗನಿಗೆ ₹400. ಹಗ್ಗ ಎಳೆದರೆ ಪೈಪು ಕೆಳಗೆ ಬರುತ್ತದೆ, ಬಟ್ಟೆ ಹರವಿ ಮೇಲಕ್ಕೆ ಏರಿಸಿದರೆ ಆಯಿತು. ಹಾಲ್‌ನಲ್ಲಿ ಓಡಾಡುವವರ ತಲೆಗೆ ತಾಗುವುದಿಲ್ಲ. ಮೇಲಿನ ಗಾಳಿ ಬೆಚ್ಚಗಿರುತ್ತದೆ, ಫ್ಯಾನೂ ಅಲ್ಲೇ. ಮೊದಲ ಸಲ ಕೂರಿಸಿದ್ದು ಬಿದ್ದೇಹೋಯಿತು, ಅದನ್ನೂ ಮುಚ್ಚಿಡುವುದಿಲ್ಲ. ಆ ಪುಣ್ಯಾತ್ಮ ಸ್ಲ್ಯಾಬ್‌ವರೆಗೆ ಕೊರೆಯದೆ ಬರೀ ಪ್ಲಾಸ್ಟರ್‌ಗೆ ತೂತು ಮಾಡಿ ಸ್ಕ್ರೂ ತಿರುಗಿಸಿ ಹೋಗಿದ್ದ. ರಾತ್ರಿ ಎರಡು ಗಂಟೆಗೆ ಎರಡು ಒದ್ದೆ ಬೆಡ್‌ಶೀಟು, ಯಜಮಾನರ ಮೂರು ಜೀನ್ಸ್ ಸಮೇತ ಧಡಾರನೆ ಟೀಪಾಯಿಯ ಮೇಲೆ ಬಿತ್ತು. ಟೀಪಾಯಿಯ ಗಾಜು ₹1,100. ಹೊಸದಾಗಿ ಆಂಕರ್ ಬೋಲ್ಟ್ ₹120, ಬೇರೆ ಹುಡುಗನಿಗೆ ಕೂಲಿ ₹500. ಒಂದು ವರ್ಷಕ್ಕೆ ನೈಲಾನ್ ಹಗ್ಗ ಸವೆದು ಅದಕ್ಕೊಂದು ₹90. ಎಲ್ಲ ಸೇರಿಸಿದರೂ ಐದು ಸಾವಿರ ದಾಟಿಲ್ಲ ನೋಡಿ.

ಕೆಟಿಜೆ ನಗರ, ಸ್ಪಿನ್ನರ್ ಮನೆ
ಮೊಳೆ ಹೊಡೆಯುವಂತಿಲ್ಲ ಎಂದು ಅವರು ಬರೆದಿರುವುದನ್ನು ಓದುವ ವ್ಯವಧಾನ ಯಾರಿಗೂ ಇಲ್ಲ.

ಒಣಗಿಸುವುದು ಆಮೇಲಿನ ಮಾತು, ಮೊದಲು ನೀರು ತೆಗೆಯಬೇಕು. ಒಂದು ಲೀಟರ್ ನೀರನ್ನು ಆವಿ ಮಾಡಲು ಮುಕ್ಕಾಲು ಯೂನಿಟ್‌ಗೆ ಹತ್ತಿರದಷ್ಟು ಶಾಖ ಬೇಕು. ಅದೇ ನೀರನ್ನು ತಿರುಗಿಸಿ ಚೆಲ್ಲಲು ಬೇಕಾಗುವ ಕರೆಂಟು ಲೆಕ್ಕಕ್ಕೇ ಬರುವುದಿಲ್ಲ. ನಮ್ಮದು ದಿನಸಿ ಅಂಗಡಿ, ತಕ್ಕಡಿ ಕೈಗೆ ಸಿಗುವಂತಿದೆ. ಒಣಗಿದ ಸ್ನಾನದ ಟವೆಲ್ 410 ಗ್ರಾಂ ಇತ್ತು. ನಾನೂ ಮಗನೂ ಎದುರುಬದುರು ನಿಂತು ಹಿಂಡಿದ ಮೇಲೆ 930. ಅದನ್ನೇ ಸ್ಪಿನ್ನರ್‌ಗೆ ಹಾಕಿ ಐದು ನಿಮಿಷ ಬಿಟ್ಟು ತೂಗಿದರೆ 650. ಒಂದು ಟವೆಲಿನಲ್ಲೇ ಕಾಲು ಲೀಟರಿಗಿಂತ ಹೆಚ್ಚು ನೀರು! ಎಂಟು ಟವೆಲ್ ಆದರೆ ಎರಡು ಲೀಟರ್ ನಿಮ್ಮ ಹಾಲ್‌ನ ಗೋಡೆಗೆ ಹೋಗುವುದು ತಪ್ಪುತ್ತದೆ.

ಹಳೆಯ ಸೆಮಿ ಆಟೊಮ್ಯಾಟಿಕ್ ಮಶೀನು, ತೊಳೆಯುವ ಮೋಟಾರು ಸುಟ್ಟಿದ್ದು, ಸ್ಪಿನ್ ಮಾತ್ರ ತಿರುಗುವಂಥದ್ದು ₹1,800ಕ್ಕೆ ಸಿಕ್ಕಿತು. ತಂದ ವಾರಕ್ಕೇ ಬ್ರೇಕ್ ವೈರ್ ಕಿತ್ತುಹೋಯಿತು: ಮುಚ್ಚಳ ತೆಗೆದರೂ ಡ್ರಮ್ಮು ತಿರುಗುತ್ತಲೇ ಇತ್ತು. ರಿಪೇರಿಗೆ ₹350. ಕೆಳಗಿನ ರಬ್ಬರ್ ಸೀಲ್ ಸೋರಿ ₹280. ಮೂರು ವರ್ಷವಾಯಿತು, ಈಗ ಯಾವ ತಂಟೆಯೂ ಇಲ್ಲ. ಬಟ್ಟೆಯನ್ನು ಒಂದೇ ಬದಿಗೆ ತುರುಕಿದರೆ ಮಾತ್ರ ಮಶೀನು ಬಚ್ಚಲಿನಿಂದ ಅಡುಗೆಮನೆಗೆ ಕುಣಿದುಕೊಂಡು ಬರುತ್ತದೆ.

ವಿದ್ಯಾನಗರ, ಮೂರನೇ ಮಹಡಿ
ಹಳೆಯ ಮಶೀನು, ಹಗ್ಗ, ರಾಟೆ ಅಂದುಕೊಂಡು ಎಷ್ಟು ವರ್ಷ ಹೆಣಗುತ್ತೀರಿ? ನಾನು ಹೋದ ವರ್ಷ ಡ್ರೈಯರ್ ತಂದೆ. ₹41,000. ಒದ್ದೆ ಬಟ್ಟೆ ಹಾಕಿ ಊಟ ಮುಗಿಸುವಷ್ಟರಲ್ಲಿ ಕೈಗೆ ಬಿಸಿ ಬಿಸಿ ಬಟ್ಟೆ. ಟವೆಲ್‌ನ ಮೆತ್ತನೆಯ ಸುಖ ಬಿಸಿಲಿನಲ್ಲಿ ಒಣಗಿಸಿದರೂ ಬರುವುದಿಲ್ಲ.

ಆದರೆ ಒಂದು ಪೆಟ್ಟು ಬಿತ್ತು. ಒಂದು ಸಲಕ್ಕೆ ಮೂರೂವರೆ ಯೂನಿಟ್ ಎಳೆಯುತ್ತದೆ. ಗೃಹಜ್ಯೋತಿಯಲ್ಲಿ ನಮಗೆ ಉಚಿತ ಇರುವುದು ಸರಾಸರಿಗೆ ಶೇ 10 ಸೇರಿಸಿ 156 ಯೂನಿಟ್. ಖರ್ಚಾಗುತ್ತಿದ್ದುದು 142ರ ಆಸುಪಾಸು, ಬಿಲ್ ಸೊನ್ನೆ. ಡಿಸೆಂಬರ್‌ನಲ್ಲಿ ಇಪ್ಪತ್ತೆರಡು ಸಲ ಡ್ರೈಯರ್ ಓಡಿಸಿದೆ, 219 ಬಂತು. 200 ದಾಟಿದ ಕಾರಣಕ್ಕೆ ಹೆಚ್ಚುವರಿಯದ್ದು ಮಾತ್ರವಲ್ಲ, ಇಡೀ ಬಿಲ್ ನಮ್ಮ ತಲೆಗೆ. ₹1,700 ದಾಟಿತು. ಮೀಟರ್ ಓದುವ ಹುಡುಗನನ್ನು ನಿಲ್ಲಿಸಿಕೊಂಡು ವಾದ ಮಾಡಿದೆ, ಪಾಪ, ಅವನೇನು ಮಾಡಿಯಾನು.

ಕೆಟಿಜೆ ನಗರ, ಸ್ಪಿನ್ನರ್ ಮನೆ
ಆರು ಸಲ ಕಡಿಮೆ ಓಡಿಸಿದ್ದರೆ 198ಕ್ಕೆ ನಿಲ್ಲುತ್ತಿತ್ತು, 42 ಯೂನಿಟ್‌ಗೆ ಮಾತ್ರ ಕಟ್ಟುತ್ತಿದ್ದಿರಿ. ₹41,000 ಕೊಟ್ಟವರಿಗೆ ವಾರಕ್ಕೊಮ್ಮೆ ಮೀಟರ್ ನೋಡಲು ಆಗಲಿಲ್ಲವೇ?

ವಿದ್ಯಾನಗರ, ಮೂರನೇ ಮಹಡಿ
ಮೀಟರ್ ನೆಲಮಹಡಿಯ ಪೆಟ್ಟಿಗೆಯಲ್ಲಿದೆ, ಕೀಲಿ ಕಾವಲುಗಾರನ ಬಳಿ. ಲೆಕ್ಕ ಹೇಳುವುದು ಸುಲಭ ಸ್ವಾಮಿ. ನಿಮ್ಮ ₹1,800ರ ಮಶೀನಿನ ಸದ್ದಿಗೆ ಪಕ್ಕದ ಮನೆಯವರು ಏನೆನ್ನುತ್ತಾರೆ ಎಂದೂ ಬರೆಯಿರಿ.

ಹೊನ್ನಾಳಿ ಅಜ್ಜಿ
ನಾನು ಆರು ಬಾಣಂತನ ಮಾಡಿದವಳು. ಮಗುವಿನ ಬಟ್ಟೆ ದಿನಕ್ಕೆ ಮೂವತ್ತು, ಅದೂ ಆಶ್ಲೇಷ ಮಳೆಯಲ್ಲಿ. ಆಗ ಯಾವ ಮಶೀನಿತ್ತು? ಅಗ್ಗಿಷ್ಟಿಕೆಯಲ್ಲಿ ನಾಲ್ಕು ಕೆಂಡ, ಮೇಲೆ ಬಿದಿರಿನ ಬುಟ್ಟಿ ಬೋರಲು, ಅದರ ಮೇಲೆ ಬಟ್ಟೆ. ಚಿಟಿಕೆ ಸಾಂಬ್ರಾಣಿ ಹಾಕಿದರೆ ವಾಸನೆಯೂ ಹೋಯಿತು. ಬಟ್ಟೆಯನ್ನು ತಿರುವಿ ಹಾಕುತ್ತಾ ಪಕ್ಕದಲ್ಲೇ ಕೂರಬೇಕು, ಎದ್ದು ಹೋದರೆ ಅಂಚು ಕಂದುತ್ತದೆ. ಇದ್ದಿಲಿಗೆ ಎಷ್ಟು ಮಹಾ ಆಗುತ್ತದೆ? ಈಗಿನವರಿಗೆ ಕೂತುಕೊಳ್ಳುವ ತಾಳ್ಮೆ ಇಲ್ಲ, ಅಷ್ಟೇ.

ನಿವೃತ್ತ ದಾದಿ
ಅಜ್ಜಿ, ನಿಮ್ಮ ಮೇಲೆ ಗೌರವವಿದೆ. ಆದರೆ ಉಬ್ಬಸ ಇರುವ ಮನೆಗೆ ಕೆಂಡ, ಸಾಂಬ್ರಾಣಿ ಹೊಗೆ ಹೇಳಿಕೊಡಬೇಡಿ, ಕೈ ಮುಗಿಯುತ್ತೇನೆ. ಮೂವತ್ತೊಂದು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಚಳಿ ಎಂದು ಕಿಟಕಿ ಬಾಗಿಲು ಮುಚ್ಚಿ ಕೆಂಡ ಇಟ್ಟುಕೊಂಡು ಮಲಗಿದ ತಾಯಿ ಮಗುವನ್ನು ಬೆಳಗಿನ ಜಾವ ಹೊತ್ತು ತಂದದ್ದನ್ನು ಕಂಡವಳು ನಾನು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣುತ್ತಿಲ್ಲ ಎಂಬ ಧೈರ್ಯವೇ ಮೋಸ.

ಹೊನ್ನಾಳಿ ಅಜ್ಜಿ
ಕಿಟಕಿ ಮುಚ್ಚು ಎಂದು ನಾನು ಎಲ್ಲಿ ಹೇಳಿದೆ ತಾಯಿ? ನಮ್ಮದು ಹೆಂಚಿನ ಮನೆ, ಮಾಡಿನ ಸಂದಿಯಲ್ಲಿ ಬೆಕ್ಕು ನುಗ್ಗುತ್ತಿತ್ತು. ನನ್ನ ಆರು ಮೊಮ್ಮಕ್ಕಳೂ ಗಟ್ಟಿಯಾಗಿದ್ದಾರೆ, ಒಬ್ಬ ಇಂಜಿನಿಯರ್.

ನಿವೃತ್ತ ದಾದಿ
ಅದನ್ನೇ ಹೇಳುತ್ತಿದ್ದೇನೆ. ಈಗಿನದು ಆರ್‌ಸಿಸಿ ಮನೆ, ಬೆಕ್ಕಲ್ಲ, ಇರುವೆ ನುಗ್ಗಲೂ ಜಾಗವಿಲ್ಲ.

ಚಿತ್ರದುರ್ಗ, ಕೋಟೆ ಕಡೆ
ನಿಮ್ಮ ಪಾಡು ಓದಿ ನಗು ಬರುತ್ತಿದೆ. ಜೋಗಿಮಟ್ಟಿ ಕಡೆಯಿಂದ ಗಾಳಿ ಬೀಸಿದರೆ ನಮ್ಮಲ್ಲಿ ಜೀನ್ಸ್ ಪ್ಯಾಂಟು ಮಧ್ಯಾಹ್ನದೊಳಗೆ ಒಣಗಿ ನೆಟ್ಟಗೆ ನಿಲ್ಲುತ್ತದೆ. ಗುಡ್ಡದ ಮೇಲೆ ಸುಮ್ಮನೆ ಫ್ಯಾನು ನೆಟ್ಟಿದ್ದಾರೆಯೇ? ನಿಮಗೆ ಬೆಣ್ಣೆ ದೋಸೆ, ನಮಗೆ ಗಾಳಿ. ಖರ್ಚು ಕ್ಲಿಪ್ಪಿನದು ಮಾತ್ರ. ಪ್ಲಾಸ್ಟಿಕ್ ಕ್ಲಿಪ್ಪು ಡಜನ್ ₹40, ಬಿಸಿಲಿಗೆ ಆರು ತಿಂಗಳಲ್ಲಿ ಪುಡಿ. ಸ್ಟೀಲಿನದು ಡಜನ್ ₹130, ಆದರೆ ಬಿಳಿ ಅಂಗಿಯ ಮೇಲೆ ತುಕ್ಕಿನ ಗುರುತು ಬಿತ್ತು, ಅಂಗಿ ₹900. ಹೋದ ವರ್ಷ ಹೊಸ ಡಬಲ್ ಬೆಡ್‌ಶೀಟು ಹಾರಿ ಮೂರು ಮನೆ ಆಚೆಯ ಬೇವಿನ ಮರಕ್ಕೆ ಸಿಕ್ಕಿಕೊಂಡು ಇವತ್ತಿಗೂ ಅಲ್ಲೇ ಚಿಂದಿಯಾಗಿ ನೇತಾಡುತ್ತಿದೆ.

ಎಂಸಿಸಿ ಎ ಬ್ಲಾಕ್
ಗಾಳಿ ಇದೆ ಸರಿ, ಒಗೆಯಲು ನೀರು ಎಲ್ಲಿಂದ ಬರುತ್ತದೆ ಅಣ್ಣಾ? ನಮ್ಮ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಿಂದ ತಾನೇ?

ಚಿತ್ರದುರ್ಗ, ಕೋಟೆ ಕಡೆ
ನಮ್ಮ ಚನ್ನಗಿರಿಯಂತೆ! 1997ರವರೆಗೆ ಚನ್ನಗಿರಿ ಇದ್ದದ್ದು ಶಿವಮೊಗ್ಗ ಜಿಲ್ಲೆಯಲ್ಲಿ. ಆಗ ನಿಮ್ಮ ದಾವಣಗೆರೆ ನಮ್ಮ ಜಿಲ್ಲೆಯ ಒಂದು ತಾಲ್ಲೂಕು. ಕೆರೆಯ ಮೇಲೆ ಹಕ್ಕು ಚಲಾಯಿಸುವ ಮುನ್ನ ಇತಿಹಾಸ ಓದಿ. ನಮ್ಮ ವಾಣಿವಿಲಾಸ ಸಾಗರ 1933ರ ಬಳಿಕ 2022ರಲ್ಲಿ ಕೋಡಿ ಹರಿದಾಗ ನೋಡಲು ಬಂದವರಲ್ಲಿ ಅರ್ಧ ಜನ ನಿಮ್ಮೂರಿನವರೇ.

ವಿನೋಬನಗರದ ಬಾಡಿಗೆ ಮನೆ
ಕ್ಷಮಿಸಿ, ತಾರಸಿಯೇ ಇಲ್ಲದವರಿಗೆ ಏನು ದಾರಿ ಎಂದು ಕೇಳಿದ್ದೆ.

ಆಜಾದ್ ನಗರ
ನಾನು ಅಷ್ಟು ಹೊತ್ತಿನಿಂದ ಓದುತ್ತಿದ್ದೇನೆ. ಬಟ್ಟೆ ಮಸಿಯಾದರೆ ಮೊದಲ ಬೈಗುಳ ಭಟ್ಟಿಯವರಿಗೆ. ನಮ್ಮ ತಂದೆ ನಲವತ್ತು ವರ್ಷ ಭಟ್ಟಿಯ ಬಾಯಿಗೆ ಎದೆಕೊಟ್ಟು ಮಂಡಕ್ಕಿ ಹುರಿದವರು. ಸಂಜೆ ನರ್ಗೀಸ್ ಮಂಡಕ್ಕಿ, ಜೊತೆಗೆ ಎರಡು ಮಿರ್ಚಿ ತಿನ್ನುವಾಗ ಹೊಗೆಯ ನೆನಪು ಯಾರಿಗೂ ಬರುವುದಿಲ್ಲ. ನಮ್ಮ ಮನೆಯ ಬಟ್ಟೆ ಎಲ್ಲಿ ಒಣಗುತ್ತದೆ ಎಂದು ಯಾರಾದರೂ ಕೇಳಿದ್ದೀರಾ? ಭಟ್ಟಿಯ ಹಿಂಬದಿಯ ಗೋಡೆ ರಾತ್ರಿಯಿಡೀ ಬೆಚ್ಚಗಿರುತ್ತದೆ, ಅದಕ್ಕೆ ಆನಿಸಿ ಹರವುತ್ತೇವೆ. ಒಂದು ಪೈಸೆ ಖರ್ಚಿಲ್ಲ. ಬಟ್ಟೆಗೆ ಹುರಿದ ಅಕ್ಕಿಯ ವಾಸನೆ ಬರುತ್ತದೆ, ಶಾಲೆಯಲ್ಲಿ ಮಗಳನ್ನು ಮಂಡಕ್ಕಿ ಎಂದು ಕರೆಯುತ್ತಾರೆ. ಅದೊಂದೇ ಬೇಸರ.

ಆಂಜನೇಯ ಬಡಾವಣೆ, ಪಾಲಿಟೆಕ್ನಿಕ್ ಮಾಸ್ತರ
ಇಲ್ಲಿ ಯಾರೂ ತೇವಾಂಶದ ಮಾತೇ ಎತ್ತಿಲ್ಲ. ಬಟ್ಟೆಯಿಂದ ಹೋದ ನೀರು ಕೋಣೆಯಲ್ಲೇ ಉಳಿದರೆ ಗೋಡೆ ಬೆವರುತ್ತದೆ, ಬೀರುವಿನ ಹಿಂದೆ ಬೂಷ್ಟು ಹಿಡಿಯುತ್ತದೆ. ನಾನು ಗಾಳಿಯ ತೇವ ಎಳೆದು ಡಬ್ಬಿಗೆ ಇಳಿಸುವ ಡಿಹ್ಯುಮಿಡಿಫೈಯರ್ ಇಟ್ಟಿದ್ದೇನೆ, ₹13,500. ಚಿಕ್ಕ ಕೋಣೆ, ಬಾಗಿಲು ಕಿಟಕಿ ಭದ್ರ, ಬಟ್ಟೆಯ ಸ್ಟ್ಯಾಂಡು, ಕೆಳಗೊಂದು ಟೇಬಲ್ ಫ್ಯಾನ್. 200 ವ್ಯಾಟ್‌ನ ಯಂತ್ರ, ಎಂಟು ಗಂಟೆಗೆ 1.6 ಯೂನಿಟ್. ಬೆಳಿಗ್ಗೆ ಡಬ್ಬಿಯಲ್ಲಿ 1.8 ಲೀಟರ್ ನೀರು. ಜನವರಿಯ ಚಳಿಗೆ ಅದು ಒಂದೂಕಾಲಕ್ಕೆ ಇಳಿಯುತ್ತದೆ, ತಣ್ಣನೆಯ ಗಾಳಿಯಲ್ಲಿ ಈ ಯಂತ್ರ ಸೋಮಾರಿ. ಒಮ್ಮೆ ಡಬ್ಬಿ ಸರಿಯಾಗಿ ಕೂರಿಸದೆ ಮಲಗಿ ನೀರು ಹಾಸಿಗೆಯ ಕೆಳಗೆ ಹರಿದು ಕೌದಿ ನೆನೆಯಿತು. ನಮ್ಮಮ್ಮ ಹೊಲಿದ ಕೌದಿ, ಒಣಗಲು ಐದು ದಿನ ಹಿಡಿಯಿತು. ಬಂದ ನೀರನ್ನು ನಾನು ಚೆಲ್ಲುವುದಿಲ್ಲ, ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇನೆ.

ಬ್ಯಾಟರಿ ಅಂಗಡಿ, ಹರಿಹರ
ಆ ಕೊನೆಯ ಸಾಲನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಆ ನೀರು ಕಾಯಿಲ್ ಮೇಲಿನ ಧೂಳು, ಲೋಹದ ಅಂಶ ಎಲ್ಲವನ್ನೂ ತೊಳೆದುಕೊಂಡು ಬಂದಿರುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಲೀಟರಿಗೆ ಇಪ್ಪತ್ತು ರೂಪಾಯಿ ಉಳಿಸಲು ಹೋಗಿ ₹14,000ದ ಬ್ಯಾಟರಿ ಕಳೆದುಕೊಂಡವರು ನನ್ನ ಅಂಗಡಿಗೇ ಬರುತ್ತಾರೆ.

ಆಂಜನೇಯ ಬಡಾವಣೆ, ಪಾಲಿಟೆಕ್ನಿಕ್ ಮಾಸ್ತರ
ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಿದ್ದೇನೆ, 14 ತೋರಿಸಿತು. ಅಂಗಡಿಯಲ್ಲಿ ತಂದ ಕ್ಯಾನಿನ ನೀರು 22. ನನ್ನ ಬ್ಯಾಟರಿಗೆ ಐದನೇ ವರ್ಷ. ಮಾರುವವರು ಮಾರುವ ಮಾತನ್ನೇ ಆಡುತ್ತಾರೆ.

ಬ್ಯಾಟರಿ ಅಂಗಡಿ, ಹರಿಹರ
22 ತೋರಿಸಿದ್ದು ಡಿಸ್ಟಿಲ್ಡ್ ವಾಟರ್ ಆಗಿರಲು ಸಾಧ್ಯವೇ ಇಲ್ಲ, ಯಾರೋ ನಿಮಗೆ ಟೋಪಿ ಹಾಕಿದ್ದಾರೆ. ಮೊದಲು ಅವರ ಬಳಿ ಜಗಳ ಮಾಡಿ, ಆಮೇಲೆ ನನ್ನ ಬಳಿ ಬನ್ನಿ.

ನಿವೃತ್ತ ದಾದಿ
ಪ್ರಶ್ನೆ ಕೇಳಿದ ಹುಡುಗಿಗೆ ಒಂದು ಮಾತು. ಅತ್ತೆ ಮಲಗುವ ಕೋಣೆಯಲ್ಲಿ ಬಟ್ಟೆ ಹಾಕಲೇಬೇಡಮ್ಮ. ಹಾಲ್‌ನಲ್ಲಿ ಸ್ಟ್ಯಾಂಡು ಇಡು, ಎದುರುಬದುರು ಕಿಟಕಿ ನಾಲ್ಕು ಬೆರಳು ತೆರೆದಿರಲಿ, ಫ್ಯಾನ್ ಬಟ್ಟೆಯ ಕಡೆಗೆ ತಿರುಗಿರಲಿ. ಮಾಮೂಲಿ ಫ್ಯಾನು ಹತ್ತು ಗಂಟೆ ಓಡಿದರೂ ಮುಕ್ಕಾಲು ಯೂನಿಟ್. ಪ್ಯಾಂಟನ್ನು ಒಳಗೆ ಹೊರಗೆ ತಿರುಗಿಸಿ ಸೊಂಟ ಮೇಲಾಗಿ ಹಾಕು, ಜೇಬುಗಳನ್ನು ಹೊರಗೆ ಎಳೆದಿಡು. ಒಂದು ಬಟ್ಟೆಗೂ ಇನ್ನೊಂದಕ್ಕೂ ನಡುವೆ ಅಂಗೈ ಹಿಡಿಯುವಷ್ಟು ಜಾಗ ಬಿಡು. ಎಲ್ಲವನ್ನೂ ಭಾನುವಾರಕ್ಕೆ ಗುಡ್ಡೆ ಹಾಕದೆ ದಿನಕ್ಕೆ ಎರಡು ಜೊತೆ ಒಗೆದರೆ ಅರ್ಧ ಕಷ್ಟ ತೀರಿತು. ಕೌದಿಯ ತಂಟೆಗೆ ಮಾರ್ಚ್‌ವರೆಗೆ ಹೋಗಬೇಡ.

ಎಂಸಿಸಿ ಎ ಬ್ಲಾಕ್
ಸ್ಟ್ಯಾಂಡು ಹಾಲ್‌ನಲ್ಲಿಟ್ಟರೆ ಬಂದವರು ಕೂರುವುದೆಲ್ಲಿ? ಅದಕ್ಕೇ ರಾಟೆ ಎಂದದ್ದು.

ಕೆಟಿಜೆ ನಗರ, ಸ್ಪಿನ್ನರ್ ಮನೆ
ಬಂದವರ ತಲೆಯ ಮೇಲೆ ಮೂರು ಜೀನ್ಸ್ ಬೀಳುವುದಕ್ಕಿಂತ ಅವರು ನಿಂತುಕೊಂಡಿರುವುದೇ ಲೇಸು.

ವಿನೋಬನಗರದ ಬಾಡಿಗೆ ಮನೆ
ದಾದಿಯಮ್ಮ, ಹಾಗೆಯೇ ಮಾಡಿದೆ. ₹1,150ಕ್ಕೆ ಮಡಚುವ ಸ್ಟ್ಯಾಂಡು ತಂದೆ. ಅಂಗಿ ಬೆಳಿಗ್ಗೆಗೆ ಒಣಗಿತ್ತು, ಪ್ಯಾಂಟಿನ ಪಟ್ಟಿ ಇನ್ನೂ ತಣ್ಣಗೆ. ಮೇಲೆ ಒಣ ಬಟ್ಟೆ ಹಾಸಿ ಎರಡು ನಿಮಿಷ ಇಸ್ತ್ರಿ ಒತ್ತಿ ಕಳಿಸಿದೆ. ಸ್ಪಿನ್ನರ್ ಅಣ್ಣಾ, ಆ ಹಳೆಯ ಮಶೀನು ಸಿಕ್ಕಿದ್ದು ಯಾವ ಬೀದಿಯಲ್ಲಿ ಎಂದು ಹೇಳಲಿಲ್ಲ.

ಕೆಟಿಜೆ ನಗರ, ಸ್ಪಿನ್ನರ್ ಮನೆ
ಬೀದಿ ಹುಡುಕುವುದು ಬೇಡಮ್ಮ, ಮಶೀನು ರಿಪೇರಿ ಮಾಡುವ ಯಾವ ಅಂಗಡಿಯಲ್ಲಾದರೂ ತೊಳೆಯುವ ಮೋಟಾರು ಹೋದದ್ದು ಒಂದಾದರೂ ಮೂಲೆಯಲ್ಲಿ ಬಿದ್ದಿರುತ್ತದೆ. ಓಡಿಸಿ ತೋರಿಸಲು ಹೇಳಿ. ಮುಚ್ಚಳ ತೆಗೆದ ತಕ್ಷಣ ಡ್ರಮ್ಮು ನಿಲ್ಲಬೇಕು. ನಿಲ್ಲದಿದ್ದರೆ ₹350 ಕಡಿಮೆ ಮಾಡಿಸಿಕೊಂಡೇ ದುಡ್ಡು ಕೊಡಿ, ಮಕ್ಕಳು ಕೈ ಹಾಕದಂತೆ ನೋಡಿಕೊಳ್ಳಿ.

ಆಂಜನೇಯ ಬಡಾವಣೆ, ಪಾಲಿಟೆಕ್ನಿಕ್ ಮಾಸ್ತರ
ಹರಿಹರದವರು ಆ 14ರ ಬಗ್ಗೆ ಇನ್ನೂ ಉತ್ತರ ಕೊಟ್ಟಿಲ್ಲ.