ಪುಟ್ಟೀ, ಮೊದಲು ಆ ಕೋಡ್ ತೆಗಿ

ಪುಟ್ಟೀ, ನಮ್ಮ ಮನೆ ಗ್ರೂಪ್‌ನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ನಾಳಿದ್ದು ಬಿರುಗಾಳಿ ಅಂತಿದ್ದಾರೆ, ಟವರ್ ಬಿದ್ದರೆ ಫೋನ್ ಇರಲ್ಲ, ಅದಕ್ಕೆ ನಾಲ್ಕು ವಾಕಿಟಾಕಿ ತಂದಿದ್ದೇನೆ, ಪ್ರೋಗ್ರಾಂ ಮಾಡುವಾಗ ಪ್ರೈವೆಸಿ ಕೋಡ್ ಕೇಳುತ್ತಿದೆ, ಯಾವ ನಂಬರ್ ಹಾಕಲಿ, ಅಮ್ಮನ ಮನೆವರೆಗೆ ಕೇಳಿಸುತ್ತಾ ಅಂತ ಕೇಳಿದ್ದೀಯ. ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಮಾತಾಡಿಯೇ ಹೇಳುತ್ತೇನೆ. ಉದ್ದ ಆಗಬಹುದು. ಪೂರ್ತಿ ಕೇಳು, ಅರ್ಧಕ್ಕೆ ಬಿಡಬೇಡ.

ಯಾವ ನಂಬರೂ ಹಾಕಬೇಡ. ಆ ಜಾಗದಲ್ಲಿ ಆಫ್ ಅಂತ ಇಡು. ಕಳಿಸುವುದಕ್ಕೂ ಆಫ್, ಕೇಳುವುದಕ್ಕೂ ಆಫ್. ಆ ಪ್ರೈವೆಸಿ ಕೋಡ್ ಅಂದರೆ ಒಂದು ಟೋನ್ ಅಷ್ಟೇ, ಕೇಳುವ ಕಡೆ ಅದನ್ನ ಹಾಕಲೇಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಗೊತ್ತಾ? ಆ ಮಳೆ ವರ್ಷ ಅಜ್ಜಿ ಬಿದ್ದಿದ್ದು ನಿಮಗೆಲ್ಲ ಗೊತ್ತು. ಸೊಂಟದ ಮೂಳೆ ಮುರಿದಿದ್ದೂ ಗೊತ್ತು. ಆದರೆ ಬೆಳಗಾಗುವವರೆಗೆ ಯಾಕೆ ಯಾರೂ ಹೋಗಲಿಲ್ಲ ಅನ್ನುವುದನ್ನ ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಇವತ್ತು ಹೇಳುತ್ತೇನೆ.

ಆಗ ನಮ್ಮ ಹತ್ತಿರ ಎರಡು ಹಳೇ ವಾಕಿಟಾಕಿ ಸೆಟ್ ಇದ್ದವು. ನಮ್ಮದೇ ಚಾನಲ್‌ನಲ್ಲಿ ಬೇರೆ ಯಾರೋ ದಿನವಿಡೀ ಮಾತಾಡುತ್ತಿದ್ದರು, ಆ ಗಲಾಟೆ ಕೇಳಿಸಬಾರದು ಅಂತ ನಿಮ್ಮ ದೊಡ್ಡಪ್ಪ ಎರಡಕ್ಕೂ 88.5 ಟೋನ್ ಹಾಕಿಸಿದ್ದರು. ಟೋನ್ ಅಂದರೆ ಮಾತಿನ ಜೊತೆಗೇ ಹೋಗುವ ಒಂದು ಸಣ್ಣ ಗುಂಯ್ ಶಬ್ದ. ಸೆಕೆಂಡಿಗೆ 88.5 ಸಲ ನಡುಗುತ್ತದೆ, ಸೆಟ್ ಅದನ್ನ ಸೋಸಿ ತೆಗೆಯುವುದರಿಂದ ನಮ್ಮ ಕಿವಿಗೆ ಬೀಳುವುದಿಲ್ಲ. ಆ ಗುಂಯ್ ಬಂದರೆ ಮಾತ್ರ ನಮ್ಮ ಸ್ಪೀಕರ್ ಬಾಯಿ ಬಿಡುತ್ತದೆ. ಬರಲಿಲ್ಲವೋ, ಪಕ್ಕದಲ್ಲೇ ನಿಂತು ಕಿರುಚಿದರೂ ಸೆಟ್ ಮೂಕ. ಇಷ್ಟೇ ಅದರ ಕೆಲಸ. ಅದರ ಇಂಗ್ಲಿಷ್ ಹೆಸರು ಸಿಟಿಸಿಎಸ್ಎಸ್ ಅಂತ, ಡಿಸಿಎಸ್ ಅಂತ ಇನ್ನೊಂದಿದೆ, ಎರಡೂ ಮಾಡುವುದು ಅದೇ ಕೆಲಸ.

ಆಮೇಲೆ ಒಂದು ಸೆಟ್ ಕೆಟ್ಟಿತು. ಹೊಸದು ತಂದೆವು. ತಂದುಕೊಟ್ಟವನು ಫ್ರೀಕ್ವೆನ್ಸಿ ಮಾತ್ರ ಹಾಕಿಕೊಟ್ಟ. ಟೋನ್ ಹಾಕಲಿಲ್ಲ. ಹಳೇ ಸೆಟ್‌ನಲ್ಲಿ ಟೋನ್ ಇದೆಯಾ ಅಂತ ಕೇಳಲೂ ಇಲ್ಲ. ನಮಗೂ ನೆನಪಿರಲಿಲ್ಲ, ಎಲ್ಲೂ ಬರೆದಿಟ್ಟಿರಲಿಲ್ಲ.

ಆ ದಿನ ಸಂಜೆ ಮಳೆ ಜೋರಾಯಿತು ಅಂತ ದೊಡ್ಡಪ್ಪ ಹೊಸ ಸೆಟ್ ಹಿಡಿದು ಹೊಳೆ ಆಚೆ ಅಜ್ಜಿ ಮನೆಗೆ ಹೋದರು. ಹಳೇದು ನನ್ನ ಹತ್ತಿರ. ಅವರು ಮುಟ್ಟಿದ ಮೇಲೆ ಪರೀಕ್ಷೆ ಮಾಡಿದೆವು. ನಾನು ರೇಡಿಯೋದಲ್ಲಿ ಮಾತಾಡಿದೆ, ಕೇಳಿಸುತ್ತಾ ಅಂದೆ. ಅವರು ಫೋನ್ ಮಾಡಿ, ಗಂಟೆ ಹೊಡೆದ ಹಾಗೆ ಕೇಳಿಸುತ್ತಿದೆ ಕಣೇ ಅಂದರು. ಫೋನ್ ಇನ್ನೂ ನಡೆಯುತ್ತಿತ್ತಲ್ಲ, ಅದಕ್ಕೆ ಫೋನಲ್ಲೇ ಉತ್ತರ ಕೊಟ್ಟರು. ಇಬ್ಬರಿಗೂ ಸಮಾಧಾನ ಆಯಿತು. ನೋಡಿ, ಅಲ್ಲೇ ನಾವು ಎಡವಿದ್ದು. ಆ ಕಡೆಯಿಂದ ಈ ಕಡೆಗೆ ಒಂದು ಮಾತೂ ರೇಡಿಯೋದಲ್ಲಿ ಬಂದಿರಲಿಲ್ಲ. ಅದು ಇಬ್ಬರಿಗೂ ಹೊಳೆಯಲಿಲ್ಲ.

ರಾತ್ರಿ ಒಂಬತ್ತಕ್ಕೆ ಫೋನ್ ಸತ್ತಿತು. ಹನ್ನೊಂದರ ಹೊತ್ತಿಗೆ ಅಜ್ಜಿ ಮೆಟ್ಟಿಲಲ್ಲಿ ಜಾರಿದರು. ದೊಡ್ಡಪ್ಪ ನನ್ನನ್ನ ಕರೆಯಲು ಶುರು ಮಾಡಿದರು. ನನ್ನ ಸೆಟ್ ಟೇಬಲ್ ಮೇಲೇ ಇತ್ತು, ಆನ್ ಆಗಿಯೇ ಇತ್ತು. ಹಸಿರು ಲೈಟ್ ಹತ್ತುತ್ತಿತ್ತು, ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಸದ್ದೇ ಇಲ್ಲ. ವಾಲ್ಯೂಮ್ ತಿರುಗಿಸಿ ನೋಡಿದೆ. ಏನೂ ಇಲ್ಲ. ಬೇರೆ ಯಾರೋ ಇರಬೇಕು ಅಂದುಕೊಂಡೆ. ನಾನೇ ಕರೆದೆ, ರೀ, ಎಲ್ಲ ಸರಿ ಇದೀರಾ ಅಂದೆ. ಅವರಿಗೆ ನನ್ನ ಮಾತು ಚೆನ್ನಾಗಿ ಕೇಳಿಸಿತು, ಅವರ ಸೆಟ್‌ನಲ್ಲಿ ಟೋನ್ ಇರಲಿಲ್ಲವಲ್ಲ. ಸರಿ ಇಲ್ಲ, ಅಮ್ಮ ಬಿದ್ದಿದ್ದಾರೆ, ಆಚೆ ಮನೆಯವರನ್ನ ಎಬ್ಬಿಸು, ಜನ ಕಳಿಸು ಅಂತ ಅವರು ಹೇಳುತ್ತಲೇ ಇದ್ದರಂತೆ. ನನಗೆ ಒಂದಕ್ಷರ ಕೇಳಿಸಲಿಲ್ಲ. ಉತ್ತರ ಇಲ್ಲ ಅಂದರೆ ಮಲಗಿರಬೇಕು ಅಂದುಕೊಂಡೆ. ಸರಿ ಹಾಗಾದರೆ ಮಲಗಿ, ಬೆಳಿಗ್ಗೆ ಮಾತಾಡೋಣ, ನಾನೂ ಬ್ಯಾಟರಿ ಉಳಿಸುತ್ತೇನೆ ಅಂತ ಹೇಳಿ ಆಫ್ ಮಾಡಿದೆ.

ಅದು ಅವರಿಗೆ ಕೇಳಿಸಿದೆ. ನಾನು ಆಫ್ ಮಾಡುತ್ತೇನೆ ಅಂದಿದ್ದು ಅವರಿಗೆ ಕೇಳಿಸಿದೆ. ಅಜ್ಜಿ ಆರು ಗಂಟೆ ನೆಲದ ಮೇಲೆ ಬಿದ್ದಿದ್ದರು. ಬದುಕಿದರು, ಆದರೆ ಆಮೇಲೆ ಕೋಲಿಲ್ಲದೆ ನಡೆಯಲಿಲ್ಲ.

ಸೆಟ್ಟಿನ ಪಕ್ಕದಲ್ಲಿ ಒಂದು ಸಣ್ಣ ಬಟನ್ ಇರುತ್ತದೆ, ಮಾನಿಟರ್ ಅಂತಾರೆ. ಅದನ್ನ ಒತ್ತಿ ಹಿಡಿದರೆ ಟೋನ್ ಇರಲಿ ಬಿಡಲಿ, ಬರುತ್ತಿರುವುದೆಲ್ಲ ಕೇಳಿಸುತ್ತದೆ. ಯಾರೂ ಮಾತಾಡದಿದ್ದರೆ ಬರೀ ಸುಯ್ ಅನ್ನುತ್ತದೆ. ನನ್ನ ಸೆಟ್‌ನಲ್ಲೂ ಇತ್ತು. ಆ ರಾತ್ರಿ ನನ್ನ ಹೆಬ್ಬೆರಳು ಅದರ ಪಕ್ಕದಲ್ಲೇ ಇತ್ತು. ಅದು ಯಾತಕ್ಕೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಹಸಿರು ಲೈಟ್ ಹತ್ತಿ ಸದ್ದು ಬರದಿದ್ದರೆ ಆ ಬಟನ್ ಒತ್ತಿ ಹಿಡಿ ಪುಟ್ಟೀ. ಅಮ್ಮನಿಗೂ ತೋರಿಸು, ಮಕ್ಕಳಿಗೂ ತೋರಿಸು.

ಮತ್ತೆ ಹೇಳುತ್ತೇನೆ, ಕೇಳುವ ಕಡೆ ಟೋನ್ ಬೇಡ. ನಿನ್ನ ನಾಲ್ಕರಲ್ಲಿ ಒಂದು ರೀಸೆಟ್ ಆಗಿಹೋದರೆ, ಅಥವಾ ಪಕ್ಕದವರು ಇನ್ನೊಂದು ಸೆಟ್ ಹಿಡಿದು ಸಹಾಯಕ್ಕೆ ಬಂದರೆ, ಅವರ ಮಾತು ನಿನಗೆ ಕೇಳಿಸಬೇಕೋ ಬೇಡವೋ? ಪ್ರೈವೆಸಿ ಅಂತ ಹೆಸರಿಟ್ಟಿದ್ದಾರೆ, ಅದರಲ್ಲಿ ಗುಟ್ಟು ಏನೂ ಇಲ್ಲ. ಟೋನ್ ಹಾಕದ ಯಾರೇ ಆ ಚಾನಲ್‌ಗೆ ಬಂದರೂ ನಿನ್ನ ಮಾತೆಲ್ಲ ಅವರಿಗೆ ಕೇಳಿಸುತ್ತದೆ. ನೀನು ಮುಚ್ಚಿಕೊಳ್ಳುವುದು ನಿನ್ನ ಕಿವಿ ಮಾತ್ರ. ಕಂಪನಿಯಿಂದ ಕಂಪನಿಗೆ ಕೋಡ್ ನಂಬರೂ ತಾಳೆ ಆಗದೇ ಇರಬಹುದು, ಇಬ್ಬರೂ ಒಂದೇ ನಂಬರ್ ಹಾಕಿದ್ದೇವೆ ಅಂತ ನಂಬಿ ಕೂರುತ್ತೀರಿ.

ಹಾಗೆ ಹೆಸರಿಟ್ಟು ಮಾರುವವರ ಮೇಲೆ ನನಗೆ ಸಿಟ್ಟಿದೆ. ಆದರೆ ಅದಕ್ಕಿಂತ ಜಾಸ್ತಿ ಬೇಜಾರು ನಮ್ಮ ಮನೆಯವರ ಮೇಲೇ. ಆ ಘಟನೆ ಆದ ಮೇಲೆ ನಾನು ಕೇಳಿದ್ದು ಒಂದೇ, ಭಾನುವಾರ ಸಂಜೆ ಏಳಕ್ಕೆ ಎಲ್ಲರೂ ಹತ್ತು ನಿಮಿಷ ಸೆಟ್ ಆನ್ ಮಾಡಿ, ಹೆಸರು ಹೇಳಿ, ಕೇಳಿಸಿತು ಅನ್ನಿ, ಮುಗೀತು. ಮೊದಲ ತಿಂಗಳು ಎಲ್ಲರೂ ಬಂದಿರಿ. ಆಮೇಲೆ ಮೂವರು. ಆಮೇಲೆ ನಾನೊಬ್ಬಳೇ ಹೆಸರು ಹೇಳಿ, ಯಾರಾದರೂ ಇದ್ದೀರಾ ಅಂತ ಕೇಳಿ, ಆಫ್ ಮಾಡುತ್ತಿದ್ದೆ. ಪ್ರೋಗ್ರಾಂ ಮಾಡುವ ಕೇಬಲ್ ಚಿಕ್ಕೋನು ತೆಗೆದುಕೊಂಡು ಹೋಗಿ ಎರಡು ವರ್ಷ ಆಯಿತು, ಇನ್ನೂ ವಾಪಸ್ ಬಂದಿಲ್ಲ. ಅವನು ಎಲ್ಲ ಸೆಟ್‌ಗಳನ್ನೂ ಕೋಣೆಯಲ್ಲಿ ಕೂತು ಒಬ್ಬನೇ ಮಾಡಿ ಮುಗಿಸಿದ. ಫೈಲು ಅವನ ಲ್ಯಾಪ್‌ಟಾಪ್‌ನಲ್ಲಿ, ಅವನು ಇರುವುದು ಇನ್ನೊಂದು ಊರಲ್ಲಿ. ನನಗೂ ಹೇಳಿಕೊಡೋ ಅಂದರೆ, ನಿಮಗೆ ಯಾಕೆ ದೊಡ್ಡಮ್ಮ ಅಂದ. ನನಗಲ್ಲದೆ ಇನ್ಯಾರಿಗೆ ಬೇಕಿತ್ತು ಅದು? ಆ ರಾತ್ರಿ ಸೆಟ್ ಇದ್ದಿದ್ದು ನನ್ನ ಕೈಯಲ್ಲಿ ಅಲ್ವಾ?

ಅಯ್ಯೋ, ನೀನು ಕೇಳಿದ್ದು ಹೇಗೆ ಮಾಡಲಿ ಅಂತ. ಅದನ್ನೇ ಹೇಳಲಿಲ್ಲ. ಬರೆದುಕೋ.

ಕೇಬಲ್ ಹಾಕಿ, ಕಂಪ್ಯೂಟರ್‌ನಲ್ಲಿ ಸೆಟ್ ಪ್ರೋಗ್ರಾಂ ಮಾಡುವ ಚಿರ್ಪ್ ಅನ್ನುವ ಸಾಫ್ಟ್‌ವೇರ್ ತೆರೆದ ಮೇಲೆ ಮೊದಲು ಸೆಟ್‌ನಲ್ಲಿ ಇರುವುದನ್ನ ಓದಿಸು, ಆ ಫೈಲನ್ನ ಹಾಗೇ ಒಂದು ಕಡೆ ಉಳಿಸು. ಏನಾದರೂ ಎಡವಟ್ಟಾದರೆ ವಾಪಸ್ ಹೋಗಲು ಅದೇ ದಾರಿ. ಫ್ಯಾಕ್ಟರಿಯಿಂದ ಬಂದ ಚಾನಲ್‌ಗಳನ್ನ ಅಳಿಸಿಬಿಡು, ಅವುಗಳಲ್ಲಿ ಬೇರೆಯವರ ಫ್ರೀಕ್ವೆನ್ಸಿ ಇರಬಹುದು. ಲೈಸೆನ್ಸ್ ಬೇಡದ ಫ್ರೀಕ್ವೆನ್ಸಿ ಯಾವುದು, ಎಷ್ಟು ವ್ಯಾಟ್ ಬಿಡಬಹುದು ಅಂತ ದೇಶಕ್ಕೊಂದು ನಿಯಮ ಇದೆ, ಮೊದಲು ಅದನ್ನ ನೋಡು. ಹ್ಯಾಮ್ ಬ್ಯಾಂಡ್‌ಗೆ, ಅಂದರೆ ಹವ್ಯಾಸಿ ರೇಡಿಯೋದವರ ಫ್ರೀಕ್ವೆನ್ಸಿಗಳಿಗೆ, ಪರೀಕ್ಷೆ ಪಾಸಾಗಿ ಲೈಸೆನ್ಸ್ ಬೇಕು, ಸುಮ್ನೆ ಒತ್ತಿ ಮಾತಾಡಬಾರದು.

ಚಾನಲ್ 1 ಮನೆಯದ್ದು. ನಾಲ್ಕೂ ಸೆಟ್‌ನಲ್ಲಿ ಅದೇ 1. ಸಿಂಪ್ಲೆಕ್ಸ್, ಅಂದರೆ ಕಳಿಸುವುದೂ ಕೇಳುವುದೂ ಒಂದೇ ಫ್ರೀಕ್ವೆನ್ಸಿ. ಎರಡರ ನಡುವೆ ಅಂತರ, ಅಂದರೆ ಆಫ್‌ಸೆಟ್, ಇಲ್ಲ, ಟೋನ್ ಇಲ್ಲ. ಚಾನಲ್ 2 ಇನ್ನೊಂದು ಫ್ರೀಕ್ವೆನ್ಸಿ, 1ರಲ್ಲಿ ಗಲಾಟೆ ಇದ್ದರೆ ಅಲ್ಲಿಗೆ. ಬ್ಯಾಂಡ್‌ವಿಡ್ತ್, ಅಂದರೆ ಸಿಗ್ನಲ್‌ನ ಅಗಲ, ಎಲ್ಲದರಲ್ಲೂ ಒಂದೇ ಇರಲಿ, ಒಂದು ನ್ಯಾರೋ ಇನ್ನೊಂದು ವೈಡ್ ಆದರೆ ಒಂದು ಕಡೆ ಧ್ವನಿ ತೀರಾ ಸಣ್ಣಗೆ, ಇನ್ನೊಂದು ಕಡೆ ಒಡೆದ ಹಾಗೆ. ಮುಂದೆ ಲೈಸೆನ್ಸ್ ತೆಗೆದುಕೊಂಡು ರಿಪೀಟರ್, ಅಂದರೆ ಎತ್ತರದಲ್ಲಿ ಕೂತು ನಮ್ಮ ಮಾತನ್ನ ಹಿಡಿದು ಮತ್ತೆ ದೂರಕ್ಕೆ ಕಳಿಸುವ ಸೆಟ್, ಬಳಸಿದರೆ ಅದು ಟೋನ್ ಕೇಳಬಹುದು, ಆಗ ಕಳಿಸುವ ಕಡೆ ಮಾತ್ರ ಹಾಕು. ಎರಡು ಚಾನಲ್ ಒಟ್ಟಿಗೆ ಕೇಳುವ ಡ್ಯುಯಲ್ ವಾಚ್, ಸದ್ದಾದರೆ ತಾನೇ ಕಳಿಸಲು ಶುರು ಮಾಡುವ ವಾಕ್ಸ್, ಎರಡೂ ಆಫ್. ಡ್ಯುಯಲ್ ವಾಚ್ ಇದ್ದರೆ ಗಾಬರಿಯಲ್ಲಿ ಉತ್ತರ ಬೇರೆ ಚಾನಲ್‌ಗೆ ಹೋಗಬಹುದು. ಕೊನೆಗೆ ಕೀಪ್ಯಾಡ್ ಲಾಕ್ ಮಾಡು. ಆಂಟೆನಾ ಇಲ್ಲದೆ ಪಿಟಿಟಿ, ಅಂದರೆ ಮಾತಾಡಲು ಒತ್ತುವ ಬಟನ್, ಒತ್ತಬಾರದು ಅಂತ ಮಕ್ಕಳಿಗೆ ಹೇಳು, ಸೆಟ್ ಸುಟ್ಟುಹೋಗಬಹುದು.

ದೂರದ ವಿಷಯ. ಡಬ್ಬಿ ಮೇಲೆ ಬರೆದ ಕಿಲೋಮೀಟರ್ ನಂಬಬೇಡ. ಕೈಯಲ್ಲಿ ಹಿಡಿದು ನೆಲದ ಮೇಲೆ ನಿಂತರೆ ಬಟ್ಟ ಬಯಲಲ್ಲೂ ಒಂದು ಸೆಟ್ಟಿನ ನೋಟ, ಅಂದರೆ ಅದರ ಸಿಗ್ನಲ್ ನೆಲ ಅಡ್ಡ ಬರುವ ಮೊದಲು ನೇರವಾಗಿ ಹೋಗುವ ದೂರ, ಸುಮಾರು 5 ಕಿಲೋಮೀಟರ್. ಮನೆ ಮರಗಳ ಮಧ್ಯೆ ಒಂದೆರಡು ಸಿಕ್ಕರೆ ದೊಡ್ಡದು. ಅದೇ 9 ಮೀಟರ್ ಎತ್ತರಕ್ಕೆ ಹೋದರೆ 12ರವರೆಗೆ ಚಾಚುತ್ತದೆ. ಹಾಗಾಗಿ ವ್ಯಾಟ್ ಹಿಂದೆ ಹೋಗಬೇಡ, ಮಹಡಿ ಹತ್ತು, ಕಿಟಕಿ ಹತ್ತಿರ ನಿಲ್ಲು, ಆಂಟೆನಾ ನೆಟ್ಟಗೆ ಹಿಡಿ. ಗುಡುಗುವಾಗ ಮಾತ್ರ ಬಯಲಲ್ಲಿ, ಎತ್ತರದಲ್ಲಿ ನಿಲ್ಲಬೇಡ, ಒಳಗೇ ಇರು. ಪಿಟಿಟಿ ಒತ್ತಿ ಒಂದು ಸೆಕೆಂಡ್ ಬಿಟ್ಟು ಮಾತಾಡು, ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ. ಹೆಚ್ಚು ಬ್ಯಾಟರಿ ತಿನ್ನುವುದು ಮಾತಾಡುವಾಗ. ಪ್ರತಿ ಗಂಟೆಯ ಮೊದಲ ಐದು ನಿಮಿಷ ಎಲ್ಲರೂ ಆನ್ ಅಂತ ಈಗಲೇ ಮಾತಾಡಿಕೊಳ್ಳಿ. ಯಾರಿಂದಲಾದರೂ ಉತ್ತರ ಬರದಿದ್ದರೆ ಆ ರಾತ್ರಿ ಸೆಟ್ ಆಫ್ ಮಾಡಬೇಡಿ.

ಫ್ರೀಕ್ವೆನ್ಸಿ, ಚಾನಲ್, ಟೋನ್ ಇಲ್ಲ ಅಂತ ಒಂದು ಚೀಟಿಯಲ್ಲಿ ಬರೆದು ಪ್ರತಿ ಸೆಟ್ಟಿನ ಹಿಂದೆ ಅಂಟಿಸು. ನಾಳೆ ಬೆಳಕಿರುವಾಗಲೇ ಒಂದನ್ನ ಅಮ್ಮನ ಮನೆಗೆ ತೆಗೆದುಕೊಂಡು ಹೋಗಿ, ಅಮ್ಮನ ಕೈಯಲ್ಲೇ ಒತ್ತಿಸು. ನೀನು ಮಾತಾಡು, ಅಮ್ಮ ರೇಡಿಯೋದಲ್ಲೇ ಉತ್ತರ ಕೊಡಲಿ. ಫೋನ್ ಮುಟ್ಟಬೇಡಿ. ಹೀಗೆ ನಾಲ್ಕೂ ಸೆಟ್, ಒಂದೊಂದರಿಂದ ಉಳಿದ ಮೂರಕ್ಕೂ. ಮುಗಿದ ಮೇಲೆ ಯಾರದ್ದು ಯಾರಿಗೆ ಕೇಳಿಸಿತು ಅಂತ ಎರಡೂ ಕಡೆಯದ್ದು ಇಲ್ಲಿ ಬರೆ, ನಾನು ಕಾಯುತ್ತಿರುತ್ತೇನೆ. ಚಿಕ್ಕೋನೇ, ನೀನೂ ಇದನ್ನ ಕೇಳುತ್ತಿದ್ದರೆ ಆ ಫೈಲನ್ನ ಇವತ್ತೇ ಗ್ರೂಪ್‌ಗೆ ಹಾಕು.