ಇಲಿಯ ಪ್ರೋಲಿನ್ ರಿಚ್ ಪ್ರೋಟೀನ್ ಜೀನ್: ಬ್ಲಾಸ್ಟ್ ಹಿಟ್ ನೋಡಿ ಕೆಲಸ ಹೇಳೋಕಾಗುತ್ತಾ?

ಪ್ರಶ್ನೆ: ನಮಸ್ತೆ ಮೇಡಂ, ಬಯೋಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಶುರು ಮಾಡಿದೀನಿ. ಇಲಿಗಳಿಗೆ ಆಹಾರದಲ್ಲಿ ಟ್ಯಾನಿನ್ (ಗಿಡಗಳಲ್ಲಿರೋ, ಪ್ರೋಟೀನಿಗೆ ಅಂಟೋ ಒಗರು ಪದಾರ್ಥ) ಸೇರಿಸಿ ಕೊಟ್ಟು, ಕಿವಿ ಹತ್ತಿರ ಇರೋ ಲಾಲಾರಸದ ಪರೋಟಿಡ್ ಗ್ರಂಥಿಯ ಆರ್‌ಎನ್‌ಎ ನೋಡ್ತಿದೀವಿ. ಒಂದು ಜೀನ್ ಸಿಕ್ಕಾಪಟ್ಟೆ ಏರಿದೆ, ಆದ್ರೆ ಡೇಟಾಬೇಸಲ್ಲಿ ಬರೀ ಪ್ರೋಲಿನ್ ರಿಚ್ ಪ್ರೋಟೀನ್ ಅಂತಿದೆ ಅಷ್ಟೆ. ಬ್ಲಾಸ್ಟ್ (ಸೀಕ್ವೆನ್ಸ್ ಹೋಲಿಸಿ ಹುಡುಕೋ ಸಾಫ್ಟ್‌ವೇರ್) ಮಾಡಿದ್ರೆ ಕೊಲಾಜೆನ್ನು, ಗಿಡದ ಸೆಲ್ ವಾಲ್ ಪ್ರೋಟೀನು, ಏನೇನೋ ಬರುತ್ತೆ. ಜೆಲ್‌ನಲ್ಲಿ ಬ್ಯಾಂಡ್ ನೀಲಿ ಬರೋ ಬದಲು ಗುಲಾಬಿ ಬಂದಿದೆ, ಸೈಜೂ ಲೆಕ್ಕಕ್ಕಿಂತ ದೊಡ್ಡದು ತೋರಿಸ್ತಿದೆ. ಸ್ಯಾಂಪಲ್ ಕೆಟ್ಟಿದೆಯಾ? ಗೈಡ್ ಈ ಪ್ರೋಟೀನ್ ಕೆಲಸ ಏನು ಅಂತ ಕೇಳ್ತಿದಾರೆ, ಏನು ಹೇಳ್ಲಿ?

ಉತ್ತರ (ಲಾಲಾರಸದ ಪ್ರೋಟೀನ್‌ಗಳ ಮೇಲೆ ಕೆಲಸ ಮಾಡ್ತೀನಿ): ಸ್ಯಾಂಪಲ್ ಕೆಟ್ಟಿಲ್ಲಪ್ಪ, ನೀವು ಹೇಳಿದ ಲಕ್ಷಣ ಎಲ್ಲಾ ಇದೇ ಪ್ರೋಟೀನಿಂದೇ. ಕೂಮಾಸಿ ಆರ್-250 ಅನ್ನೋ ಬಣ್ಣ ಹಾಕಿದಾಗ ಲಾಲಾರಸದ ಪ್ರೋಲಿನ್ ರಿಚ್ ಪ್ರೋಟೀನ್‌ಗಳು ಗುಲಾಬಿ-ನೇರಳೆಗೆ ತಿರುಗ್ತವೆ, ಡೀಸ್ಟೇನ್‌ನಲ್ಲಿ (ಹೆಚ್ಚಿನ ಬಣ್ಣ ತೊಳೆಯೋ ಹಂತ) ಆಲ್ಕೋಹಾಲ್ ಇಲ್ದೆ ಬರೀ ಅಸಿಟಿಕ್ ಆಸಿಡ್ ಬಳಸಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ. ಸೈಜ್ ವಿಷಯ ಏನಂದ್ರೆ ಪ್ರೋಲಿನ್‌ನ ಸೈಡ್ ಚೈನ್ ವಾಪಸ್ ಬಂದು ತನ್ನದೇ ನೈಟ್ರೋಜನ್‌ಗೆ ಸೇರ್ಕೊಂಡು ಉಂಗುರ ಆಗಿರುತ್ತೆ, ಹಾಗಾಗಿ ಚೈನ್ ಬಗ್ಗಲ್ಲ, ಆಲ್ಫಾ ಹೆಲಿಕ್ಸ್ ಕಟ್ಟಲ್ಲ, ಉದ್ದಕ್ಕೆ ಚಾಚ್ಕೊಂಡೇ ಇರುತ್ತೆ, ಪ್ರೋಟೀನನ್ನ ಸೈಜಿನ ಪ್ರಕಾರ ಬೇರೆ ಮಾಡೋ ಎಸ್‌ಡಿಎಸ್ ಜೆಲ್‌ನಲ್ಲಿ ನಿಧಾನಕ್ಕೆ ಓಡುತ್ತೆ. ಇನ್ನೊಂದು, 280 ನ್ಯಾನೋಮೀಟರಲ್ಲಿ ಅಳೆದಿದ್ರೆ ಆ ನಂಬರ್ ಬಿಟ್ಟುಬಿಡಿ. ಆ ಬೆಳಕನ್ನ ಹೀರೋ ಅಮೈನೋ ಆಸಿಡ್‌ಗಳಾದ ಟೈರೋಸಿನ್, ಟ್ರಿಪ್ಟೊಫಾನ್ ಇದರಲ್ಲಿ ಇಲ್ಲ ಅನ್ನೋಷ್ಟು ಕಮ್ಮಿ, ಪ್ರೋಟೀನ್ ಇದ್ರೂ ಇಲ್ಲ ಅಂತ ಅನ್ಸುತ್ತೆ. ಶುದ್ಧ ಮಾಡೋಕೆ ಒಂದು ಹಳೇ ದಾರಿ ಇದೆ, 10% ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಸಿಡ್) ಹಾಕಿ, ಬೇರೆ ಹೆಚ್ಚಿನ ಪ್ರೋಟೀನೆಲ್ಲ ಕೆಳಗೆ ಕೂರುತ್ತೆ, ಇಲಿಯ ಈ ಪ್ರೋಟೀನ್‌ಗಳು ಕರಗಿಕೊಂಡು ಮೇಲೆ ಉಳೀತವೆ.

ಈಗ ಹೆಸರಿನ ವಿಷಯ. ಪ್ರೋಲಿನ್ ರಿಚ್ ಅನ್ನೋದು ಸೀಕ್ವೆನ್ಸ್ ಹೆಂಗಿದೆ ಅಂತ ಮಾತ್ರ ಹೇಳುತ್ತೆ, ಕೆಲಸ ಹೇಳಲ್ಲ. ಇಲಿಯಲ್ಲೇ ನೋಡಿ, ವಿಸಿಎಸ್‌ಎ1 ಅಂತ ಒಂದು ಜೀನ್ ಇದೆ, ದವಡೆ ಕೆಳಗಿನ ಸಬ್‌ಮ್ಯಾಂಡಿಬ್ಯುಲರ್ ಗ್ರಂಥಿಯಲ್ಲಿ ಆಂಡ್ರೋಜೆನ್ (ಗಂಡು ಹಾರ್ಮೋನ್) ಹಿಡಿತದಲ್ಲಿ ಗಂಡಿಲಿಗಳಲ್ಲಿ ಜೋರಾಗಿ ಓಡುತ್ತೆ, ಅದರ ಪ್ರೋಟೀನ್ ಕತ್ತರಿಸಿ ಬರೋ ಸಿಯಾಲೋರ್ಫಿನ್ ಬರೀ 5 ಅಮೈನೋ ಆಸಿಡ್ ಉದ್ದ. ಎನ್ಕೆಫಲಿನ್ (ದೇಹದಲ್ಲೇ ಇರೋ ನೋವು ನಿವಾರಕ) ಒಡೆಯೋ ಕಿಣ್ವವನ್ನ ಅದು ತಡೆದು ಇಲಿಗೆ ನೋವು ಕಮ್ಮಿ ಮಾಡುತ್ತೆ ಅಂತ 2003ರಲ್ಲಿ ತೋರಿಸಿದ್ರು. ಮನುಷ್ಯರಲ್ಲಿ ಅದೇ ಥರ ಕೆಲಸ ಮಾಡೋ ಓಪಿಯೋರ್ಫಿನ್ 2006ರಲ್ಲಿ ಸಿಕ್ತು, ಆ ಜೀನಿನ ಹಳೇ ಹೆಸರಲ್ಲೂ ಪ್ರೋಲಿನ್ ರಿಚ್ ಅಂತಾನೇ ಇತ್ತು! ನಿಮ್ಮ ಪರೋಟಿಡ್ ಪ್ರೋಟೀನ್‌ಗೂ ಇದಕ್ಕೂ ಕೆಲಸದಲ್ಲಿ ಏನೇನೂ ಸಂಬಂಧ ಇಲ್ಲ.

ನಿಮ್ಮದು ಬಹುತೇಕ ಟ್ಯಾನಿನ್ ಹಿಡಿಯೋ ಗುಂಪಿಗೆ ಸೇರಿದ್ದು. 1983ರಲ್ಲಿ ಟ್ಯಾನಿನ್ ಜಾಸ್ತಿ ಇರೋ ಜೋಳ ತಿನ್ನಿಸಿದಾಗ ಮೂರೇ ದಿನದಲ್ಲಿ ಇಲಿಯ ಪರೋಟಿಡ್ ಸುಮಾರು 3 ಪಟ್ಟು ದೊಡ್ಡದಾಯ್ತು, ಈ ಪ್ರೋಟೀನ್‌ಗಳು ಸುಮಾರು 12 ಪಟ್ಟು ಏರಿದ್ವು. ಮೊದಲು ತೂಕ ಇಳಿಸ್ಕೊಂಡ ಇಲಿಗಳು ಆಮೇಲೆ ತೂಕ ಹಾಕೋಕೆ ಶುರು ಮಾಡಿದ್ವು. ಟ್ಯಾನಿನ್ ಬಾಯಲ್ಲೇ ಈ ಪ್ರೋಟೀನಿಗೆ ಅಂಟ್ಕೊಂಡುಬಿಟ್ರೆ ತಿಂದ ಆಹಾರದ ಪ್ರೋಟೀನ್ ಉಳಿಯುತ್ತಲ್ಲ, ನನಗೆ ಈ ವಿಷಯದಲ್ಲಿ ಅತೀ ಇಷ್ಟವಾಗೋದು ಇದೇ. ಗೈಡ್‌ಗೂ ಇದನ್ನೇ ಹೇಳಿ, ಆದ್ರೆ ನಿಮ್ಮ ಪ್ರೋಟೀನ್ ಟ್ಯಾನಿನ್ ಹಿಡಿಯುತ್ತೆ ಅಂತ ನೀವೇ ಬೈಂಡಿಂಗ್ ಪ್ರಯೋಗ ಮಾಡಿ ತೋರಿಸ್ಬೇಕು.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದ್ರೆ ಬ್ಲಾಸ್ಟ್ ಬೇಡವಾ? ಜೀನ್ ಎಷ್ಟು ಏರಿದೆ ಅಂತ ಅಳೆಯೋ ಕ್ಯೂಪಿಸಿಆರ್‌ಗೆ ಪ್ರೈಮರ್ (ಕಾಪಿ ಶುರು ಮಾಡೋ ಚಿಕ್ಕ ಡಿಎನ್‌ಎ ತುಂಡು) ಎಲ್ಲಿ ಇಡ್ಲಿ?

ಉತ್ತರ: ಬ್ಲಾಸ್ಟ್ ಮಾಡಿ, ಆದ್ರೆ ರಿಪೀಟ್ ಥರದ ಜಾಗಗಳನ್ನ ಬಿಟ್ಟು ಹೋಲಿಸೋ ಲೋ ಕಾಂಪ್ಲೆಕ್ಸಿಟಿ ಫಿಲ್ಟರ್ ಆನ್ ಇಟ್ಟು ಮಾಡಿ. ಪ್ರೋಲಿನ್, ಗ್ಲೈಸಿನ್, ಗ್ಲುಟಮಿನ್ ಮತ್ತೆ ಮತ್ತೆ ಬರೋ ಜಾಗ ಯಾವ ಪ್ರೋಟೀನಿಗೆ ಬೇಕಾದ್ರೂ ಹೊಂದ್ಕೊಳ್ಳುತ್ತೆ, ಕೊಲಾಜೆನ್ ಬಂದಿದ್ದು ಅದಕ್ಕೇ. ಸಿಗ್ನಲ್ ಪೆಪ್ಟೈಡ್ (ಪ್ರೋಟೀನನ್ನ ಜೀವಕೋಶದಿಂದ ಹೊರಗೆ ಕಳಿಸೋ ಶುರುವಿನ ತುಂಡು) ಭಾಗ ಹೋಲಿಸಿ, ಕ್ರೋಮೋಸೋಮಲ್ಲಿ ಅಕ್ಕಪಕ್ಕ ಯಾವ ಜೀನ್ ಇದೆ ಅಂತ್ಲೂ ನೋಡಿ. ಪ್ರೈಮರ್ ಮಾತ್ರ ರಿಪೀಟ್ ಮೇಲೆ ಇಡಲೇಬೇಡಿ, ಅಣ್ಣತಮ್ಮ ಜೀನ್‌ಗಳೆಲ್ಲ ಒಟ್ಟಿಗೆ ಬರ್ತವೆ, ಮೂರು ಪ್ರೈಮ್ ಯುಟಿಆರ್ (ಆರ್‌ಎನ್‌ಎ ಕೊನೆಯಲ್ಲಿರೋ, ಪ್ರೋಟೀನ್ ಆಗದ ಭಾಗ) ಕಡೆ ಹೋಗಿ. ಪ್ರೋಲಿನ್ನಿನ ನಾಲ್ಕೂ ಕೋಡಾನ್ (ಡಿಎನ್‌ಎಯ ಮೂರಕ್ಷರದ ಸಂಕೇತ) ಸಿಸಿಯಿಂದ ಶುರು ಆಗೋದ್ರಿಂದ ಪೂರ್ತಿ ಜೀನ್ ಎತ್ತೋವಾಗ ಜಿ, ಸಿ ಅಕ್ಷರಗಳು ಜಾಸ್ತಿ ಇರುತ್ತೆ, ಎಳೆ ಬಿಡಿಸೋದು ಕಷ್ಟ, ಅದಕ್ಕೆ ಡಿಎಂಎಸ್‌ಒ ಇಲ್ಲಾ ಬೀಟೇನ್ ಸೇರಿಸಿ.

ಇನ್ನೊಬ್ಬರ ಪ್ರಶ್ನೆ: ಮಧ್ಯೆ ಬಂದೆ ಕ್ಷಮಿಸಿ ಮೇಡಂ, ನಮ್ಮಲ್ಲಿ ಹ್ಯಾಮ್‌ಸ್ಟರ್ ಇವೆ, ಇದೇ ಪ್ರಯೋಗ ಅವುಗಳ ಮೇಲೆ ಮಾಡಬಹುದಾ?

ಉತ್ತರ: ಇಲಿಯ ಬದಲಿಗೆ ಅಂತಾದ್ರೆ ಬೇಡ. ಇಲಿ (ರ್‍ಯಾಟ್), ಸುಂಡಿಲಿ (ಮೌಸ್) ಎರಡರಲ್ಲೂ ಟ್ಯಾನಿನ್ ಕೊಟ್ರೆ ಈ ಪ್ರೋಟೀನ್ ಏರುತ್ತೆ, ಹ್ಯಾಮ್‌ಸ್ಟರ್‌ನಲ್ಲಿ ಏರಲಿಲ್ಲ, ಬೆಳವಣಿಗೆನೇ ಕುಂಠಿತ ಆಯ್ತು. ಹೋಲಿಕೆಗೆ ಇಟ್ಕೊಳ್ಳೋದಾದ್ರೆ ಒಳ್ಳೇದೇ, ಆದ್ರೆ ಪ್ರಾಣಿಗಳಿಗೆ ತೊಂದರೆ ಆಗೋದು ಗೊತ್ತಿರೋದ್ರಿಂದ ಟ್ಯಾನಿನ್ ಪ್ರಮಾಣ ಕಮ್ಮಿ ಇಟ್ಟು, ದಿನಾ ತೂಕ ನೋಡ್ತಾ, ನಿಮ್ಮ ಎಥಿಕ್ಸ್ ಕಮಿಟಿಗೆ ಇದನ್ನ ಮೊದಲೇ ಬರೆದು ಕೊಟ್ಟು ಮಾಡಿ.